ಕರಿಯನ ಹೃದಯದ ಹುಳ: ಮಂಜೇಶ್ವರ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾಯಿ ಕಚ್ಚಿತೆಂಬ ದೂರುಗಳು ನಿಮಗೆ ದಿನವೂ ಬರುತ್ತಿರಬಹುದು. ಇದು ನಾಯಿಯ ಕಾಯಿಲೆಯ ಪತ್ರ.

ಪೆರ್ಲದ ಬಳಿ ನಮ್ಮ ಅಡಿಕೆ ತೋಟಕ್ಕೆ ನಮ್ಮ ನಾಯಿ ಕರಿಯನೇ ಕಾವಲು. ತೋಡಿನವರೆಗೆ ನನ್ನ ಮುಂದೆ ಓಡುತ್ತಿದ್ದವನು ಮಳೆಗಾಲ ಮುಗಿಯುವಾಗ ಅರ್ಧ ದಾರಿಯಲ್ಲೇ ಕೂತು ಕೆಮ್ಮತೊಡಗಿದ. ಪಶುವೈದ್ಯರು ಒಂದು ಹನಿ ರಕ್ತವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ರಕ್ತಕಣಗಳನ್ನು ನೂಕುತ್ತಾ ಕೂದಲೆಳೆಯಂಥ ಮರಿಹುಳಗಳು ಹೊರಳಾಡುತ್ತಿದ್ದವು. ಹೃದಯದ ಹುಳದ ಮರಿಗಳಿರಬಹುದು ಎಂದರು. ಆದರೆ ಕೇರಳದಲ್ಲಿ ಚರ್ಮದಡಿ ಬದುಕುವ ಇನ್ನೊಂದು ಜಾತಿಯ ಹುಳವೂ ಇದೆ, ಡೈರೋಫೈಲೇರಿಯಾ ರೆಪೆನ್ಸ್. ಅದರ ಮರಿಗಳೂ ನೋಡಲು ಹೀಗೇ. ಹೃದಯದ ಹುಳವೇ ಎಂದು ಖಚಿತವಾಗಲು ಆಂಟಿಜೆನ್ ಪರೀಕ್ಷೆ, ಅಂದರೆ ಹುಳ ರಕ್ತಕ್ಕೆ ಬಿಡುವ ಪ್ರೋಟೀನನ್ನು ಹುಡುಕುವ ಪರೀಕ್ಷೆ ಬೇಕು. ಅದರ ಕಿಟ್ ಇಲ್ಲಿರಲಿಲ್ಲ. ಮಂಗಳೂರಿಗೆ ಜೀಪು ಮಾಡಿಕೊಂಡು ಹೋದೆ. ಪಾಸಿಟಿವ್.

ಸೊಳ್ಳೆಯಿಂದ ಬರುವ ಈ ಹುಳ ಬೆಳೆದರೆ 30 ಸೆಂಟಿಮೀಟರ್‌ವರೆಗೂ ಉದ್ದ, ಬೆಂದ ಸೇಮಿಗೆಯ ಎಳೆಯ ಹಾಗೆ. ಅದನ್ನು ಕೊಲ್ಲುವ ಮದ್ದು ಮೆಲಾರ್ಸೊಮಿನ್, ಪಾಷಾಣದ (ಆರ್ಸೆನಿಕ್) ಸಂಯುಕ್ತ. ಮೊದಲು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಹುಳದೊಳಗಿನ ವೊಲ್ಬಾಕಿಯಾ ಬ್ಯಾಕ್ಟೀರಿಯಾವನ್ನು ಅಡಗಿಸಬೇಕು. ಆಮೇಲೆ ಸೊಂಟದ ಸ್ನಾಯುವಿಗೆ ಒಂದು ಚುಚ್ಚುಮದ್ದು. ತಿಂಗಳು ಬಿಟ್ಟು 24 ಗಂಟೆಗಳ ಅಂತರದಲ್ಲಿ ಇನ್ನೆರಡು. ಸತ್ತ ಹುಳ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಹಾಗಾಗಿ ತಿಂಗಳುಗಟ್ಟಲೆ ಓಡಲು ಬಿಡುವಂತಿಲ್ಲ. (ಮಂಗನ ಸದ್ದಿಗೆ ಸರಪಳಿ ಹರಿಯುವವನನ್ನು ಕಟ್ಟಿಹಾಕುವ ಕಷ್ಟ ಬೇರೆ.) ಆದರೆ ಕಾಸರಗೋಡು, ಮಂಗಳೂರುಗಳಲ್ಲಿ ನಾನು ಕೇಳಿದ ಒಂದು ಅಂಗಡಿಯಲ್ಲೂ ಆ ಮದ್ದು ಇರಲಿಲ್ಲ.

ದನಕ್ಕೆ ಕೊಡುವ ಹುಳದ ಮದ್ದು ಐವರ್ಮೆಕ್ಟಿನ್ ಚುಚ್ಚಿಸಿಬಿಡಿ ಎಂದವರಿದ್ದರು. ರಕ್ತದ ತುಂಬ ಮರಿಹುಳ ಇರುವ ನಾಯಿಗೆ ಅಳತೆ ತಪ್ಪಿದರೆ, ಅವೆಲ್ಲ ಒಮ್ಮೆಲೇ ಸತ್ತು ನಾಯಿಯೇ ಕುಸಿಯಬಹುದು. ವೈದ್ಯರು ಬೇಡವೆಂದರು. ಈಗ ಡಾಕ್ಸಿಸೈಕ್ಲಿನ್ ಜೊತೆ ತಿಂಗಳಿಗೊಮ್ಮೆ ಬೆನ್ನಿಗೆ ಮಾಕ್ಸಿಡೆಕ್ಟಿನ್ ಎಂಬ ಹುಳದ ಮದ್ದು ಹಚ್ಚುತ್ತಿದ್ದೇವೆ. ಈ ದಾರಿಯಲ್ಲಿ ಹುಳ ಸಾಯುವುದು ನಿಧಾನ. ಸಾಯುವವರೆಗೂ ರಕ್ತನಾಳ ಕೆಡುತ್ತಲೇ ಇರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಕ್ಷೇತ್ರದ ಪಶು ಆಸ್ಪತ್ರೆಗಳಲ್ಲಿ ಆಂಟಿಜೆನ್ ಕಿಟ್ ಇರಲಿ. ಮೆಲಾರ್ಸೊಮಿನ್ ತರಿಸಿ ಜಿಲ್ಲೆಗೆ ಒಂದು ಕಡೆಯಾದರೂ ಇಡಲು ಪಶುಸಂಗೋಪನಾ ಸಚಿವರಲ್ಲಿ ಮಾತನಾಡಿ. ತಿಂಗಳಿಗೊಮ್ಮೆ ಕೊಡುವ ತಡೆಮದ್ದಿನ ಬಗ್ಗೆ ಕನ್ನಡದಲ್ಲೊಂದು ಕರಪತ್ರ ಹಂಚಿಸಿ. ಅಡಿಕೆ ಹಾಳೆ, ರಬ್ಬರಿನ ಗೆರಟೆಗಳಲ್ಲಿ ನೀರು ನಿಲ್ಲುವ ನಮ್ಮ ಊರಿನಲ್ಲಿ ಸೊಳ್ಳೆಗೇನು ಬರವೇ? ಚಿಕಿತ್ಸೆಗಿಂತ ಆ ತಡೆಮದ್ದೇ ಎಷ್ಟೋ ಅಗ್ಗ ಎಂದು ನನಗೆ ತಿಳಿದದ್ದು ಕರಿಯ ಮಲಗಿದ ಮೇಲೆ.

ಆರು ತಿಂಗಳ ಬಳಿಕ ಅವನಿಗೆ ಮತ್ತೆ ಪರೀಕ್ಷೆಯಿದೆ. ಅಷ್ಟರೊಳಗೆ ಕಿಟ್ ಇಲ್ಲಿಗೆ ಬಂದರೆ ಜೀಪಿನ ಬಾಡಿಗೆ ಉಳಿಯುತ್ತದೆ.

ಇತಿ,
ಪೆರ್ಲದ ಒಬ್ಬ ಕೃಷಿಕ