ಆಪರೇಷನ್ ತಡೆದುಕೊಂಡ ಮೇಲೆ ಏನು, ಅದನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಸಾಕಿದ ನಾಯಿಗೋ ಬೆಕ್ಕಿಗೋ ದೊಡ್ಡ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದ ಕೂಡಲೇ ಮನೆಯವರ ಬಾಯಲ್ಲಿ ಬರುವ ಮಾತು ಒಂದೇ. 'ಈ ವಯಸ್ಸಲ್ಲಿ ತಡೆದುಕೊಳ್ಳುತ್ತಾ?' ಕೇಳಲೇಬೇಕಾದ ಪ್ರಶ್ನೆ, ಬೇಡ ಅನ್ನಲ್ಲ. ಆದರೆ ಅಲ್ಲಿಗೇ ನಿಂತುಬಿಡುತ್ತೇವಲ್ಲ, ಅದೇ ನನ್ನ ತಕರಾರು.

ಅರಿವಳಿಕೆಯ ಭಯ ಎಷ್ಟು ನಿಜ ಅನ್ನೋದಕ್ಕೆ ಲೆಕ್ಕ ಇದೆ. ಬ್ರಿಟನ್‌ನಲ್ಲಿ 2002ರಿಂದ 2004ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಆರೋಗ್ಯವಾಗಿದ್ದ ನಾಯಿಗಳಲ್ಲಿ ಅರಿವಳಿಕೆ ಕೊಟ್ಟಾಗ ಸತ್ತದ್ದು ಸುಮಾರು 2,000ಕ್ಕೆ ಒಂದು. ಮೊದಲೇ ಕಾಯಿಲೆ ಬಿದ್ದಿದ್ದ ನಾಯಿಗಳಲ್ಲಿ ಸುಮಾರು 75ಕ್ಕೆ ಒಂದು, ಕಾಯಿಲೆ ಬಿದ್ದ ಬೆಕ್ಕುಗಳದ್ದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ದೊಡ್ಡದು, ಆದರೂ ನಾವು ಅಂದುಕೊಂಡಷ್ಟು ಭಯಂಕರವಲ್ಲ ಅಲ್ವಾ? ನನಗೆ ಇನ್ನೂ ಮುಖ್ಯ ಅನಿಸಿದ್ದು ಬೇರೆ. ಸತ್ತ ನಾಯಿಗಳಲ್ಲಿ ಅರ್ಧದ ಹತ್ತಿರ ಸತ್ತದ್ದು ಟೇಬಲ್ ಮೇಲೆ ಅಲ್ಲ, ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯಲ್ಲಿ ಜಾಸ್ತಿ. ಹಾಗಾಗಿ 'ಆಪರೇಷನ್ ಯಾರು ಮಾಡುತ್ತಾರೆ' ಅಂತ ವಿಚಾರಿಸುವವರು 'ಆದ ಮೇಲೆ ಪಕ್ಕದಲ್ಲಿ ಕೂತು ನೋಡಿಕೊಳ್ಳುವವರು ಯಾರು, ರಾತ್ರಿ ಇರುತ್ತಾರಾ' ಅಂತಲೂ ವಿಚಾರಿಸಬೇಕು. ಯಾರೂ ಕೇಳಲ್ಲ.

ಕೆಲವು ಕಾಯಿಲೆಗಳಲ್ಲಿ ಯೋಚಿಸುತ್ತಾ ಕೂರುವ ಹಾಗೇ ಇಲ್ಲ. ದೊಡ್ಡ ಎದೆಯ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳ ಲೆಕ್ಕ, ಆಪರೇಷನ್ ಇಲ್ಲದಿದ್ದರೆ ಉಳಿಯುವುದಿಲ್ಲ. ಅಲ್ಲಿ ಅಪಾಯ ದೊಡ್ಡದಾದರೂ ತೀರ್ಮಾನ ಸುಲಭ. ಕಷ್ಟ ಇರೋದು ಮತ್ತೊಂದು ಜಾತಿಯ ಕೇಸುಗಳಲ್ಲಿ. ನಮ್ಮ ನಾಯಿಗೆ ಬಂದದ್ದು ಅಂಥದ್ದು, ಗುಲ್ಮದಲ್ಲಿ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್‌ನಲ್ಲಿ, ಗೆಡ್ಡೆ. ಅದು ಬರೀ ರಕ್ತ ಕಟ್ಟಿಕೊಂಡ ಗೆಡ್ಡೆಯಾದರೆ ಗುಲ್ಮ ತೆಗೆದ ಮೇಲೆ ನಾಯಿ ವರ್ಷಗಟ್ಟಲೆ ಆರಾಮವಾಗಿ ಇರಬಹುದು. ರಕ್ತನಾಳದ ಕ್ಯಾನ್ಸರ್ ಆದರೆ, ಅದಕ್ಕೆ ಹಿಮ್ಯಾಂಜಿಯೋಸಾರ್ಕೋಮಾ ಅಂತ ಬಾಯಿ ತಿರುಗದ ಹೆಸರು, ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಸಾಮಾನ್ಯವಾಗಿ ಸಿಗುವುದು ಒಂದರಿಂದ ಮೂರು ತಿಂಗಳು, ಕಿಮೋ ಸೇರಿಸಿದರೆ ನಾಲ್ಕರಿಂದ ಆರು. ಎರಡರಲ್ಲಿ ಯಾವುದು ಅಂತ ಸ್ಕ್ಯಾನ್ ನೋಡಿ ಖಚಿತವಾಗಿ ಹೇಳೋಕೆ ಆಗಲ್ಲ. ಗೆಡ್ಡೆ ತೆಗೆದು ಲ್ಯಾಬಿಗೆ ಕಳಿಸಿದ ಮೇಲೇ ಗೊತ್ತಾಗೋದು. ಅಂದರೆ ಯಾವ ಪ್ರಶ್ನೆಯ ಉತ್ತರ ನೋಡಿ ಆಪರೇಷನ್ ಬೇಕೋ ಬೇಡವೋ ಅಂತ ತೀರ್ಮಾನಿಸಬೇಕೋ, ಆ ಉತ್ತರ ಆಪರೇಷನ್ ಆದ ಮೇಲೆ ಬರುತ್ತದೆ!

ನಾವು ಮಾಡಿಸಿದೆವು. ನಮ್ಮದು ರಕ್ತದ ಗೆಡ್ಡೆಯೇ ಆಗಿತ್ತು. ಇದನ್ನು ಹೇಳಿದರೆ ಎಲ್ಲರೂ 'ನೋಡಿದ್ರಾ, ಮಾಡಿಸಿದ್ದು ಒಳ್ಳೇದಾಯ್ತು' ಅನ್ನುತ್ತಾರೆ. ನಾನು ಹಾಗೆ ಅನ್ನಲ್ಲ. ಅದು ಅದೃಷ್ಟ. ಇಂಥ ಗೆಡ್ಡೆಗಳಲ್ಲಿ ಮೂರಕ್ಕೆ ಎರಡು ಕೆಟ್ಟವೇ ಇರುತ್ತವೆ ಅಂತ ಪಶುವೈದ್ಯರಲ್ಲಿ ಹಳೆಯ ಲೆಕ್ಕವೊಂದಿದೆ. ನಮ್ಮ ನಾಯಿ ಉಳಿಯಿತು ಅಂತ ನೀವೂ ಮಾಡಿಸಿ ಅಂದರೆ ಲಾಟರಿ ಹೊಡೆದವನು ಊರಿಗೆಲ್ಲ ಟಿಕೆಟ್ ಕೊಳ್ಳಿ ಅಂದ ಹಾಗೆ. ಬೇಡ ಅಂದವರಿಗೆ ಪ್ರೀತಿ ಕಮ್ಮಿ ಅನ್ನೋದಂತೂ ಶುದ್ಧ ಸುಳ್ಳು. ನೋವಿಗೆ ಔಷಧಿ ಕೊಟ್ಟು, ಇರೋ ದಿನ ಚೆನ್ನಾಗಿ ನೋಡಿಕೊಂಡು, ಸಮಯ ಬಂದಾಗ ದಯಾಮರಣಕ್ಕೆ ಒಪ್ಪೋದು ಸುಮ್ನೆ ಕೈಬಿಟ್ಟಂತೆ ಆಗಲ್ಲ. ಇನ್ನು 'ಪ್ರಾಣಿಗೆ ಇಷ್ಟೆಲ್ಲ ಖರ್ಚು ಯಾಕೆ' ಅನ್ನೋರ ಜೊತೆ ವಾದಕ್ಕೆ ಇಳಿಯಬೇಡಿ, ಸಮಯ ದಂಡ. ಆದರೆ ಖರ್ಚಿನ ಯೋಚನೆ ಬರೋದಕ್ಕೆ ನಾಚಿಕೆಯೂ ಬೇಡ. ಎಲ್ಲ ಸರಿಹೋದರೆ ಎಷ್ಟು, ಏನಾದರೂ ಎಡವಟ್ಟಾದರೆ ಎಷ್ಟು ಅಂತ ಎರಡೂ ಕೇಳಿ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಒಂದು ಅಂಕಪಟ್ಟಿ ಮಾಡಿದ್ದಾರೆ. ನೋವು, ಊಟ, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯಾ ಅನ್ನೋದು. ಏಳಕ್ಕೂ ಹತ್ತರಂತೆ ಅಂಕ, ಅಂಕ ಹೆಚ್ಚಾದಷ್ಟೂ ಸ್ಥಿತಿ ಚೆನ್ನಾಗಿದೆ ಅಂತ (ನೋವಿಗೂ ಹಾಗೇ, ಹೆಚ್ಚು ಅಂಕ ಅಂದರೆ ನೋವು ಹತೋಟಿಯಲ್ಲಿದೆ ಅಂತ), 35 ದಾಟಿದರೆ ಬದುಕು ಪರವಾಗಿಲ್ಲ ಅಂತ ಲೆಕ್ಕ. ನನಗೆ ಆ 35ರ ಮೇಲೆ ಅಂಥ ನಂಬಿಕೆಯೇನಿಲ್ಲ. ಆದರೆ ಮನೆಯವರೆಲ್ಲ ಬೇರೆ ಬೇರೆ ಕೂತು ತುಂಬಿಸಿದರೆ ಒಬ್ಬರು ನೋವಿಗೆ ಎಂಟು ಕೊಟ್ಟಿರುತ್ತಾರೆ, ಇನ್ನೊಬ್ಬರು ಮೂರು. ಇಬ್ಬರೂ ನೋಡುತ್ತಿರೋದು ಅದೇ ನಾಯಿಯನ್ನ. ಅಲ್ಲಿಂದ ನಿಜವಾದ ಮಾತು ಶುರುವಾಗುತ್ತದೆ. ಬೆಕ್ಕಿದ್ದವರಂತೂ ಮಾಡಲೇಬೇಕು, ಬೆಕ್ಕುಗಳು ನೋವು ತೋರಿಸಿಕೊಳ್ಳೋದೇ ಕಡಿಮೆ.

ಕೊನೆಗೆ ಪಶುವೈದ್ಯರಲ್ಲಿ ಒಂದು ಕೋರಿಕೆ. ಹೊಟ್ಟೆ ತೆರೆದಾಗ ಕಾಯಿಲೆ ಲಿವರ್‌ಗೂ ಹರಡಿದ್ದು ಕಂಡರೆ ಮತ್ತೆ ಎಚ್ಚರ ಮಾಡಬೇಕೋ, ಅರಿವಳಿಕೆಯಲ್ಲೇ ಕಳಿಸಿಕೊಡಬೇಕೋ? ಇದನ್ನು ನಮ್ಮನ್ನು ಯಾರೂ ಮೊದಲು ಕೇಳಿರಲಿಲ್ಲ, ನಾವೇ ತಡವರಿಸುತ್ತಾ ಎತ್ತಿದೆವು. ಆಪರೇಷನ್ ನಡುವೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಕೊಡೋ ಪ್ರಶ್ನೆಯಲ್ಲ ಅದು. ದಯವಿಟ್ಟು ಹಿಂದಿನ ದಿನವೇ ಕೇಳಿ, ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲೇ ಅದಕ್ಕೊಂದು ಸಾಲು ಇಡಿ.

– ನಿಮ್ಮ ಓದುಗ