ಅರಗಿನ ಪ್ಲೇಟು, ಮಂಡಿಯ ಪಟ್ಟಿ

ಸಾಗರ
ಆಷಾಢದ ಒಂದು ಸಂಜೆ

ಪ್ರಿಯ ಗೆಳೆಯಾ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು. ಮಳೆ ಹಿಡಿದ ಮೇಲೆ ಇಲ್ಲಿಯ ಟವರ್ ನಂಬುವ ಹಾಗಿಲ್ಲ. "ಅಮೆರಿಕದ ಕಪ್ಪು ಜನರ ಆ ಹಳೇ ರಿದಮ್ ಅಂಡ್ ಬ್ಲೂಸ್ ಹಾಡು ಕೇಳಿಕೊಂಡು ಇಷ್ಟು ವರ್ಷ ತಲೆದೂಗಿದ್ದೀಯಲ್ಲ, ಹಾಡಿದವರ ಕೈಗೆ ಎಷ್ಟು ಬಂತು ಅಂತ ಒಂದು ದಿನವಾದರೂ ಲೆಕ್ಕ ಹಾಕಿದ್ದೀಯಾ? ಆ ಸಣ್ಣ ರೆಕಾರ್ಡು ಕಂಪನಿಗಳವರೆಲ್ಲ ಬರೀ ಕಳ್ಳರು" ಅಂದೆ. ಮೂವತ್ತು ವರ್ಷ ಬೇರೆಯವರ ಖಾತೆ ಪುಸ್ತಕ ಬರೆದು ಹೊಟ್ಟೆ ಹೊರೆದವನಿಗೆ ಲೆಕ್ಕ ಹಾಕಿದ್ದೀಯಾ ಅಂತ ಕೇಳುವುದೇನೋ ಮಾರಾಯ! ಅದಕ್ಕೇ ಈ ಕಾಗದ. ಬೇರೆಯವರೂ ಓದಲಿ ಅಂತ ನಿನ್ನ ಹೆಸರು ಬಿಟ್ಟಿದ್ದೇನೆ.

ಕಳ್ಳರು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು "ಬರೀ" ಅನ್ನುವ ಮಾತಿನ ಮೇಲೆ.

ಕತೆ ಶುರುವಾಗುವುದು ನಮ್ಮ ಮುತ್ತುಗದ ಮರದಿಂದ. ನಿಮ್ಮಜ್ಜನ ಮನೆಯ ಅಟ್ಟದಲ್ಲಿ 78ರ ಗ್ರಾಮೊಫೋನ್ ಪ್ಲೇಟುಗಳಿದ್ದವಲ್ಲ, ಕೈ ಜಾರಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು, ಅವುಗಳ ಜೀವವೆಲ್ಲ ಅರಗಿನಲ್ಲಿತ್ತು. ಮುತ್ತುಗದಂಥ ಮರಗಳ ರೆಂಬೆಗೆ ಮುತ್ತಿಕೊಳ್ಳುವ ಸಣ್ಣ ಹುಳ ಬಿಡುವ ಅಂಟು ಅದು. ಪಾಂಡವರನ್ನು ಸುಡಲು ದುರ್ಯೋಧನ ಮನೆ ಕಟ್ಟಿಸಿದ್ದೂ ಅದರಲ್ಲೇ. ಆಗ ಬಿಹಾರಕ್ಕೆ ಸೇರಿದ್ದ ಛೋಟಾ ನಾಗಪುರದ ಕಾಡಿನಿಂದ ಅದು ಕಲ್ಕತ್ತೆಗೆ ಬರುತ್ತಿತ್ತು, ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು. ಎರಡನೇ ಮಹಾಯುದ್ಧ ಬಂತು. ಅರಗು ಯುದ್ಧದ ಕೆಲಸಕ್ಕೂ ಬೇಕು, ಹಡಗಿನ ದಾರಿಯೂ ಭದ್ರವಿಲ್ಲ. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ರೆಕಾರ್ಡು ಕಂಪನಿಗಳು ಬಳಸಬಹುದಾದ ಅರಗನ್ನು ಶೇ. 70ರಷ್ಟು ಕಡಿದುಹಾಕಿತು. ಹೊಸ ಪ್ಲೇಟು ಬೇಕಾದರೆ ಹಳೆಯದನ್ನು ತಂದುಕೊಡಿ ಅಂತ ಅಂಗಡಿಗಳವರು ಗಿರಾಕಿಗಳನ್ನು ಕೇಳುವ ಸ್ಥಿತಿ ಬಂತು. ಸಾಲದ್ದಕ್ಕೆ ಅದೇ ವರ್ಷ ಆಗಸ್ಟಿನಲ್ಲಿ ವಾದ್ಯಗಾರರ ಸಂಘ ರೆಕಾರ್ಡಿಂಗಿಗೇ ಬಹಿಷ್ಕಾರ ಹಾಕಿತು. ವಿಕ್ಟರ್, ಕೊಲಂಬಿಯಾದಂಥ ದೊಡ್ಡವರು ಸಂಘದ ಜೊತೆ ರಾಜಿಯಾದದ್ದು 1944ರ ನವೆಂಬರ್‌ನಲ್ಲಿ.

ಇರುವುದೇ ಚೂರು ಅರಗು ಅಂದಮೇಲೆ ದೊಡ್ಡವರು ಏನು ಮಾಡುತ್ತಾರೆ? ಖಂಡಿತ ಖರ್ಚಾಗುವ ಬಿಳಿಯರ ಹಾಡುಗಳನ್ನು ಇಟ್ಟುಕೊಂಡು, ಕಪ್ಪು ಜನರ ಹಾಡು, ಹಳ್ಳಿಗಾಡಿನವರ ಹಾಡು ಎರಡನ್ನೂ ಹೆಚ್ಚುಕಡಿಮೆ ಕೈಬಿಟ್ಟರು. ಅದೇ ಹೊತ್ತಿನಲ್ಲಿ ದಕ್ಷಿಣದ ಹತ್ತಿಹೊಲ ಬಿಟ್ಟ ಲಕ್ಷಗಟ್ಟಲೆ ಕಪ್ಪು ಜನ ಲಾಸ್ ಏಂಜಲೀಸ್, ಶಿಕಾಗೊ, ಡೆಟ್ರಾಯ್ಟ್‌ಗಳ ಯುದ್ಧ ಕಾರ್ಖಾನೆ ಸೇರಿದ್ದರು. ಕೈಯಲ್ಲಿ ಸಂಬಳ, ಬೀದಿ ಬೀದಿಗೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ, ಅಂದರೆ ಜೂಕ್‌ಬಾಕ್ಸ್, ಅದರೊಳಗೆ ಹಾಕಲು ಹೊಸ ಪ್ಲೇಟು ಇಲ್ಲ. ಆ ಖಾಲಿ ಜಾಗಕ್ಕೆ ನುಗ್ಗಿದವರು ನೀನು ಹೇಳುವ ಕಳ್ಳರು. ಅವರಲ್ಲಿ ಹೆಚ್ಚಿನವರು ಸಂಗೀತ ಕಲಿತವರೇನಲ್ಲ. ಶಿಕಾಗೊದ ಚೆಸ್ ಸಹೋದರರು ಪೋಲೆಂಡಿನಿಂದ ಬಂದವರು, ನೈಟ್‌ಕ್ಲಬ್ ನಡೆಸುತ್ತಿದ್ದರು. ಗ್ಯಾರಿ ಊರಿನ ವಿವಿಯನ್ ಕಾರ್ಟರ್ ಮತ್ತು ಜೇಮ್ಸ್ ಬ್ರಾಕನ್ ಎಂಬ ಕಪ್ಪು ಜೋಡಿ 1953ರಲ್ಲಿ ಗಿರವಿ ಅಂಗಡಿಯವನಿಂದ 500 ಡಾಲರ್ ಸಾಲ ತಂದು ವೀ-ಜೇ ಕಂಪನಿ ಶುರು ಮಾಡಿದರು. ಲಾಸ್ ಏಂಜಲೀಸಿನಲ್ಲಿ ಜೂಕ್‌ಬಾಕ್ಸ್ ನೋಡಿಕೊಳ್ಳುತ್ತಿದ್ದ ಜೂಲ್ಸ್ ಎಂಬವನು ಪೆಟ್ಟಿಗೆಗೆ ಹಾಕಲು ಪ್ಲೇಟು ಸಿಗದೆ, ತಾವೇ ಮಾಡೋಣ ಅಂತ ತಮ್ಮಂದಿರನ್ನು ಸೇರಿಸಿಕೊಂಡು 1945ರಲ್ಲಿ ಮಾಡರ್ನ್ ಕಂಪನಿ ತೆರೆದ. ಅವರ ಮನೆತನದ ಹೆಸರು ಏನು ಗೊತ್ತಾ? ಬಿಹಾರಿ! ಹಂಗೆರಿ ಮೂಲದ ಯಹೂದಿಗಳು, ನಮ್ಮ ಬಿಹಾರಕ್ಕೂ ಅವರಿಗೂ ಯಾವ ನಂಟೂ ಇಲ್ಲ. ಆದರೂ ಬಿಹಾರದ ಅರಗಿನ ಮೇಲೆ ಬಿಹಾರಿಗಳ ಪ್ಲೇಟು ಅನ್ನುವುದನ್ನು ನೆನೆದು ನಾನು ಒಬ್ಬನೇ ನಕ್ಕಿದ್ದೇನೆ.

ಇವರಲ್ಲಿ ನನ್ನ ಪಾತ್ರ, ಮೆಚ್ಚಿಗೆಯ ಅಂತಲ್ಲ, ಕುತೂಹಲದ ಪಾತ್ರ, ಸಿನ್ಸಿನಾಟಿಯ ಸಿಡ್ ನೇಥನ್. ದಪ್ಪ ಗಾಜಿನ ಕನ್ನಡಕ, ಉಬ್ಬಸ, ಅದರ ಮೇಲೆ ಬಾಯಲ್ಲಿ ಸಿಗಾರು. 1943ರಲ್ಲಿ ಕಿಂಗ್ ರೆಕಾರ್ಡ್ಸ್ ಶುರು ಮಾಡಿದ್ದು ಬಿಳಿಯ ಹಳ್ಳಿಗರ ಹಾಡಿಗಾಗಿ. ಸ್ವಲ್ಪದರಲ್ಲೇ ಕಪ್ಪು ಗಾಯಕರ ಕಡೆಗೂ ತಿರುಗಿದ. ಇಲ್ಲಿ ಒಂದು ವ್ಯಾಪಾರದ ಸೂಕ್ಷ್ಮ ಹೇಳಬೇಕು. ಸಣ್ಣ ಕಂಪನಿಯನ್ನು ಮುಳುಗಿಸುತ್ತಿದ್ದದ್ದು ಸೋತ ಹಾಡಲ್ಲ, ಗೆದ್ದ ಹಾಡು. ಹಾಡು ಗೆದ್ದರೆ ಮತ್ತಷ್ಟು ಪ್ಲೇಟು ಬೇಕು. ಪ್ಲೇಟು ಒತ್ತುವ ಕಾರ್ಖಾನೆಯವನಿಗೆ ಈಗಲೇ ನಗದು ಕೊಡಬೇಕು. ಮಾಲು ಒಯ್ದ ವಿತರಕ ಮಾತ್ರ ಎರಡು ಮೂರು ತಿಂಗಳ ಮೇಲೆ, ಅದೂ ಮುಂದಿನ ಗೆಲ್ಲುವ ಹಾಡು ನಿನ್ನ ಹತ್ತಿರ ಇದೆ ಅಂತ ಖಾತ್ರಿಯಾದರೆ, ದುಡ್ಡು ಕೊಡುತ್ತಾನೆ. ನಡುವೆ ಸಿಕ್ಕಿಕೊಂಡವರು ಮುಳುಗಿದರು. ನೇಥನ್ ಒಂದು ಹಳೇ ಮಂಜುಗಡ್ಡೆ ಕಾರ್ಖಾನೆ ಹಿಡಿದು ಒಂದೇ ಸೂರಿನಡಿ ಹಾಡು ಮುದ್ರಿಸುವುದು, ಪ್ಲೇಟು ಒತ್ತುವುದು, ಲೇಬಲ್ ಅಚ್ಚು ಹಾಕುವುದು, ಡಬ್ಬ ಕಟ್ಟಿ ಕಳಿಸುವುದು ಎಲ್ಲ ಇಟ್ಟುಕೊಂಡ. ಕಪ್ಪು ಬಿಳಿ ಕೆಲಸಗಾರರು ಅಲ್ಲಿ ಒಟ್ಟಿಗೆ ದುಡಿಯುತ್ತಿದ್ದರು. ಆ ಕಾಲಕ್ಕೆ, ಆ ಊರಿಗೆ ಅದು ದೊಡ್ಡ ಮಾತು.

ಹಾಡು ಆರಿಸಲು ಹೆನ್ರಿ ಗ್ಲೋವರ್ ಎಂಬ ಕಪ್ಪು ಟ್ರಂಪೆಟ್ ವಾದಕನನ್ನು ಕೂರಿಸಿದ. ಗ್ಲೋವರ್ ಮಾಡಿದ ಕೆಲಸ ನೋಡು: ಬಿಳಿಯ ಗಾಯಕ ಹ್ಯಾಂಕ್ ಪೆನ್ನಿ ಹಾಡಿದ್ದ ಹಳ್ಳಿಹಾಡೊಂದನ್ನು 1951ರಲ್ಲಿ ಕಂಪನಿ ಕಪ್ಪು ಗಾಯಕ ವೈನೋನಿ ಹ್ಯಾರಿಸ್‌ನ ಬಾಯಲ್ಲಿ ಹಾಡಿಸಿತು. 'ಬ್ಲಡ್‌ಶಾಟ್ ಐಸ್' ಅಂತ. ಪೆನ್ನಿಯದು ತುಟಿಯಂಚಿನ ತಮಾಷೆ. ಹ್ಯಾರಿಸ್‌ನದು ಬಾಗಿಲು ಒದ್ದು ಒಳಬಂದವನ ಅಬ್ಬರ. ಹಾಡಿನ ಹಕ್ಕು ಕಂಪನಿಯದೇ, ಒಂದೇ ಹಾಡಿಗೆ ಎರಡು ಸಲ ಗಳಿಕೆ. ಜುಗ್ಗತನ ಅನ್ನು ಬೇಕಾದರೆ. ಆದರೆ ಬಸ್ಸಿನಲ್ಲಿ ಒಟ್ಟಿಗೆ ಕೂರಲು ಬಿಡದ ಕಾಲದಲ್ಲಿ ಎರಡು ಜನರ ಸಂಗೀತವನ್ನು ಒಂದೇ ಕೋಣೆಗೆ ತಂದದ್ದು ಆ ಜುಗ್ಗತನವೇ.

ಹ್ಯಾರಿಸ್ ಅಂದಕೂಡಲೇ ರಾಯ್ ಬ್ರೌನ್ ನೆನಪಾಗುತ್ತಾನೆ. 1947ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಕೈಖಾಲಿಯಿದ್ದ ಹುಡುಗ 'ಗುಡ್ ರಾಕಿನ್ ಟುನೈಟ್' ಬರೆದು ಹ್ಯಾರಿಸ್‌ಗೆ ಕೊಡಲು ಹೋದ. ಹ್ಯಾರಿಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಸಿಲ್ ಗ್ಯಾಂಟ್ ಎಂಬ ಇನ್ನೊಬ್ಬ ಗಾಯಕ ಕೇಳಿದವನೇ ಅಪರಾತ್ರಿಯಲ್ಲಿ ಡಿಲಕ್ಸ್ ಕಂಪನಿಯ ಯಜಮಾನನನ್ನು ಫೋನಿನಲ್ಲಿ ಎಬ್ಬಿಸಿ ಹುಡುಗನಿಂದ ಹಾಡಿಸಿದನಂತೆ. ಬ್ರೌನ್‌ನ ಪ್ಲೇಟು ಓಡಲು ಶುರುವಾದ ಮೇಲೆ ಹ್ಯಾರಿಸ್‌ಗೆ ಬುದ್ಧಿ ಬಂತು. ವಾದ್ಯಗಾರರ ಎರಡನೇ ಬಹಿಷ್ಕಾರ ಶುರುವಾಗಲು ಮೂರು ನಾಲ್ಕು ದಿನವಿದೆ ಅನ್ನುವಾಗ, 1947ರ ಡಿಸೆಂಬರ್ 28ರಂದು, ಚರ್ಚಿನ ಚಪ್ಪಾಳೆ ಸೇರಿಸಿ ಅದನ್ನೇ ಹಾಡಿದ. ಮರುವರ್ಷ ಹೆಚ್ಚು ಓಡಿದ ಹಾಡುಗಳ ಪಟ್ಟಿಯ ತುದಿಗೆ ಏರಿದ್ದು ಹ್ಯಾರಿಸ್‌ನ ಪ್ಲೇಟು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳು. ಬ್ರೌನ್‌ನ ಗಂಟಲಿನಲ್ಲಿ ಒಂದು ಅಳು ಇದೆ, ನನಗೆ ಅದೇ ಹೆಚ್ಚು. ಆ ರಾಯ್ ಬ್ರೌನ್ ಮುಂದೆ ಮನೆ ಮನೆಗೆ ಹೋಗಿ ವಿಶ್ವಕೋಶ ಮಾರಿದ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ, ದುಡ್ಡಿನ ವಿಷಯ. ನಮ್ಮಪ್ಪ ಮಳೆಗಾಲದಲ್ಲಿ ಮಂಡಿಯಿಂದ ಮುಂಗಡ ತರುತ್ತಿದ್ದದ್ದು ನಿನಗೆ ನೆನಪಿದೆ. ಕೊಯ್ಲು ಮುಗಿಸಿ ಅಡಿಕೆ ಮೂಟೆ ಹಾಕಿದ ಮೇಲೆ ಕೈಗೊಂದು ಪಟ್ಟಿ ಬರುತ್ತಿತ್ತು. ಇಷ್ಟು ತೂಕ, ಇಷ್ಟು ದರ. ಅದರಲ್ಲಿ ದಲಾಲಿ, ಹಮಾಲಿ, ಬಡ್ಡಿ ಕಳೆದು ಕೊನೆಯ ಸಾಲಿನಲ್ಲಿ 'ತಮ್ಮಿಂದ ಬರತಕ್ಕ ಬಾಕಿ'. ತೋಟ ನಮ್ಮದು, ಬಾಕಿಯೂ ನಮ್ಮದೇ. ಆ ಗಾಯಕರ ರಾಯಲ್ಟಿ, ಅಂದರೆ ಮಾರಾಟದಲ್ಲಿ ಅವರಿಗೆ ಬರಬೇಕಾದ ಪಾಲಿನ ಲೆಕ್ಕ ಹೆಚ್ಚುಕಡಿಮೆ ಹೀಗೇ. ಹಾಡಿದ ದಿನ ಕೈಗೆ ಒಂದಿಷ್ಟು ಡಾಲರ್, ಅದು ಮುಂಗಡ. ವಾದ್ಯಗಾರರ ಕೂಲಿ, ಸ್ಟುಡಿಯೊ ಬಾಡಿಗೆ ಎಲ್ಲ ಹಾಡಿದವರ ಖಾತೆಗೇ ಖರ್ಚು. ನೂರಕ್ಕೆ ಕೆಲವೇ ಪಾಲಿನ ರಾಯಲ್ಟಿಯಲ್ಲಿ ಅದೆಲ್ಲ ತೀರಿದ ಮೇಲಷ್ಟೇ ಗಾಯಕನಿಗೆ ಕಾಸು. ತೀರುವ ಮೊದಲೇ ಇನ್ನೊಂದು ರೆಕಾರ್ಡಿಂಗ್, ಇನ್ನಷ್ಟು ಖರ್ಚು. ಇದರಲ್ಲಿ ಕಾನೂನು ಮುರಿಯುವ ಅಗತ್ಯವೇ ಇಲ್ಲ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಅಚ್ಚುಕಟ್ಟಾದ ಪುಸ್ತಕ ಅದು.

ಅದೂ ಸಾಲದು ಅನ್ನಿಸಿದವರು ಹಾಡು ಬರೆದವರ ಹೆಸರಿನ ಪಕ್ಕ ತಮ್ಮ ಹೆಸರು ತೂರಿಸಿದರು. ಮಾಡರ್ನ್ ಪ್ಲೇಟುಗಳ ಮೇಲೆ ಟೌಬ್, ಲಿಂಗ್, ಜೋಸಿಯಾ ಎಂಬ ಕವಿಗಳು ಸಿಗುತ್ತಾರೆ. ಮೂವರೂ ಬಿಹಾರಿ ಸಹೋದರರೇ. ಮೆಂಫಿಸ್‌ನ ಕಪ್ಪು ಜನರ ವೈಎಂಸಿಎ ಕಟ್ಟಡದಲ್ಲಿ ಬಿ. ಬಿ. ಕಿಂಗ್ ಹಾಡಿದ ಮೊದಲ ದೊಡ್ಡ ಪ್ಲೇಟಿನ ಮೇಲೂ ಟೌಬ್ ಇದ್ದಾನೆ. ನೀನು ಬಿಳಿಯರು ಕರಿಯರನ್ನು ದೋಚಿದರು ಅಂತ ಒಂದೇ ಗೆರೆ ಎಳೆಯಬೇಡ. ಹ್ಯೂಸ್ಟನ್ನಿನ ಪೀಕಾಕ್ ಕಂಪನಿಯ ಡಾನ್ ರೋಬಿ ಕಪ್ಪು ಮನುಷ್ಯನೇ. ಡೆಡ್ರಿಕ್ ಮಲೋನ್ ಅಂತ ಕವಿನಾಮ ಇಟ್ಟುಕೊಂಡು ಬೇರೆಯವರ ಹಾಡಿಗೆ ಕವಿಯಾದ. ಅವನ ಕಂಪನಿಗೆ ಬಿಗ್ ಮಾಮಾ ಥಾರ್ನ್‌ಟನ್ 1952ರ ಆಗಸ್ಟ್ 13ರಂದು 'ಹೌಂಡ್ ಡಾಗ್' ಹಾಡಿದಳು. ಮರುವರ್ಷ ಏಳು ವಾರ ಪಟ್ಟಿಯ ತುದಿಯಲ್ಲಿತ್ತು. ತನಗೆ ಬಂದದ್ದು 500 ಡಾಲರಿನ ಒಂದೇ ಚೆಕ್ಕು ಅಂತ ಆಕೆ ಕೊನೆಯವರೆಗೂ ಹೇಳಿದಳು. ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಅದೇ ಹಾಡಿಗೆ ಏನು ಗಳಿಸಿದ ಅನ್ನುವುದು ನಿನಗೆ ಗೊತ್ತೇ ಇದೆ.

ಇಷ್ಟೆಲ್ಲ ಬರೆದದ್ದು ರೂತ್ ಬ್ರೌನ್ ಬಗ್ಗೆ ಹೇಳಲಿಕ್ಕೆ.

ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ 1928ರ ಜನವರಿ 12ರಂದು ಹುಟ್ಟಿದವಳು. ಅಪ್ಪ ಬಂದರಿನ ಕೂಲಿ, ಭಾನುವಾರ ಚರ್ಚಿನ ಗಾಯನವೃಂದಕ್ಕೆ ಹಿರಿಯ. ಬ್ಲೂಸ್ ಅಂದರೆ ಅವನಿಗೆ ಆಗದು. ಹದಿನೇಳಕ್ಕೆ ಮಗಳು ಮನೆ ಬಿಟ್ಟು ಓಡಿದಳು. ಲಕಿ ಮಿಲಿಂಡರ್‌ನ ಬ್ಯಾಂಡ್ ಸೇರಿ ಒಂದೇ ತಿಂಗಳಾಗಿತ್ತು, ನಿನಗೆ ಹಾಡಲು ಬರುವುದಿಲ್ಲ ಅಂತ ವಾಷಿಂಗ್ಟನ್ನಿನಲ್ಲಿ ಅವಳನ್ನು ಕೈಬಿಟ್ಟು ಬ್ಯಾಂಡು ಮುಂದೆ ಹೋಯಿತು. ಬ್ಲಾಂಚ್ ಕ್ಯಾಲೊವೇ ಎಂಬ ಹಿರಿಯ ಗಾಯಕಿ ತನ್ನ ಕ್ಲಬ್ಬಿನಲ್ಲಿ ಹಾಡಲು ಕೆಲಸ ಕೊಟ್ಟಳು. ಸುದ್ದಿ ನ್ಯೂಯಾರ್ಕಿಗೆ ಮುಟ್ಟಿತು. ಅಲ್ಲಿ ಟರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ತೆಗುನ್, ಹರ್ಬ್ ಅಬ್ರಮ್ಸನ್ ಜೊತೆಗೂಡಿ 1947ರಲ್ಲಿ ಅಟ್ಲಾಂಟಿಕ್ ಕಂಪನಿ ಶುರು ಮಾಡಿದ್ದ. ಬಂಡವಾಳ ಮನೆಯ ಪರಿಚಯದ ದಂತವೈದ್ಯನಿಂದ ತಂದ 10,000 ಡಾಲರ್. ರೂತ್ 1948ರ ಅಕ್ಟೋಬರ್‌ನಲ್ಲಿ ಕಾರಿನಲ್ಲಿ ನ್ಯೂಯಾರ್ಕಿಗೆ ಹೊರಟಳು. ದಾರಿಯಲ್ಲಿ ಅಪಘಾತ, ಎರಡೂ ಕಾಲಿಗೆ ಪೆಟ್ಟು, ತಿಂಗಳುಗಟ್ಟಲೆ ಆಸ್ಪತ್ರೆ. ಇಪ್ಪತ್ತೊಂದು ತುಂಬಿದ ದಿನ ಎರ್ತೆಗುನ್ ಹಾಸಿಗೆಯ ಪಕ್ಕಕ್ಕೇ ಬಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಸ್ವರ ಹಿಡಿಯುವ ಪೀಪಿಯನ್ನೂ ಸಂಗೀತ ಓದುವುದನ್ನು ಕಲಿಸುವ ಪುಸ್ತಕವನ್ನೂ ಉಡುಗೊರೆ ತಂದಿದ್ದನಂತೆ. ಊರುಗೋಲು ಹಿಡಿದೇ ಮೊದಲ ಪ್ಲೇಟು ಹಾಡಿದಳು.

ಮುಂದಿನ ಹತ್ತು ವರ್ಷ ಅವಳದೇ. 1950ರ ಹಾಡೊಂದು ಹನ್ನೊಂದು ವಾರ ಮೊದಲ ಸ್ಥಾನ ಬಿಡಲಿಲ್ಲ. ಅಟ್ಲಾಂಟಿಕ್‌ನವರಿಗೆ ಆಗ ಸರಿಯಾದ ಸ್ಟುಡಿಯೊ ಇರಲಿಲ್ಲ. 56ನೇ ಬೀದಿಯ ಹೋಟೆಲೊಂದರ ಮೇಲಿನ ಆಫೀಸಿನಲ್ಲಿ ಸಂಜೆ ಮೇಜು ಕುರ್ಚಿ ಗೋಡೆಗೆ ತಳ್ಳಿ, ಟಾಮ್ ಡೌಡ್ ಎಂಬ ಎಂಜಿನಿಯರ್ ಮೈಕು ಹೂಡುತ್ತಿದ್ದ. ಬೇಸ್‌ಬಾಲ್ ವೀರ ಬೇಬ್ ರೂತ್‌ನ ಹೆಸರಿನಲ್ಲಿ ಮೈದಾನವನ್ನು ಕರೆಯುತ್ತಿದ್ದರಲ್ಲ, ಅದೇ ರೀತಿ ಅಟ್ಲಾಂಟಿಕ್‌ಗೂ 'ರೂತ್ ಕಟ್ಟಿದ ಮನೆ' ಅಂತಲೇ ಹೆಸರು ಬಿತ್ತು. ಉಳಿದವರಿಗಿಂತ ಮರ್ಯಾದಸ್ಥ ಕಂಪನಿ ಅಂತ ಹೆಸರಿದ್ದದ್ದೂ ಆ ಅಟ್ಲಾಂಟಿಕ್‌ಗೇ. ಅಂಥಲ್ಲೂ ಲೆಕ್ಕ ಅದೇ ಮಂಡಿಯ ಲೆಕ್ಕ. 1961ರಲ್ಲಿ ಹೊರಬಂದಳು. ಲಾಂಗ್ ಐಲೆಂಡಿನಲ್ಲಿ ಬೇರೆಯವರ ಮನೆಗೆಲಸ ಮಾಡಿದಳು, ಶಾಲೆಯ ಬಸ್ಸು ಓಡಿಸಿದಳು, ಮಕ್ಕಳನ್ನು ಸಾಕಿದಳು.

ಮುಂದೆ 1980ರ ದಶಕದಲ್ಲಿ ಹೋವೆಲ್ ಬೆಗಲ್ ಎಂಬ ವಕೀಲ, ಅವಳ ಅಭಿಮಾನಿ, ಹಳೇ ಪ್ಲೇಟುಗಳಿಗೆ ಸಹಿ ಹಾಕಿಸಿಕೊಳ್ಳಲು ಬಂದ. ಇವುಗಳಿಂದ ನನಗೇನೂ ಬರುವುದಿಲ್ಲ ಅಂದಳು. ಅವನು ಅಲ್ಲಿಗೆ ಬಿಡಲಿಲ್ಲ, ಕಂಪನಿಯ ಪುಸ್ತಕ ಬಿಚ್ಚಿಸಲು ವರ್ಷಗಟ್ಟಲೆ ಬೆನ್ನು ಹತ್ತಿದ. 1988ರಲ್ಲಿ ಅಟ್ಲಾಂಟಿಕ್ ಅವಳ ಮತ್ತು ಇನ್ನು ಕೆಲವು ಹಳಬರ ಖಾತೆಯ 'ಬಾಕಿ'ಯನ್ನು ಹೊಡೆದುಹಾಕಿ, ಇಪ್ಪತ್ತು ವರ್ಷ ಹಿಂದಿನಿಂದ ರಾಯಲ್ಟಿ ಕೊಡಲು ಒಪ್ಪಿತು. ಕಷ್ಟದಲ್ಲಿರುವ ಹಳೇ ಗಾಯಕರಿಗೆ ನೆರವಾಗಲು ಒಂದು ಪ್ರತಿಷ್ಠಾನವೂ ಅದೇ ಕಂಪನಿಯ ಹಣದಿಂದ ಎದ್ದಿತು. ಮರುವರ್ಷ ಬ್ರಾಡ್‌ವೇ ನಾಟಕಕ್ಕೆ ಅವಳಿಗೆ ಟೋನಿ ಪ್ರಶಸ್ತಿ ಬಂತು. ಅರವತ್ತೊಂದು ವರ್ಷ ಆಗ. ಎರ್ತೆಗುನ್, ರೂತ್ ಇಬ್ಬರೂ ತೀರಿಕೊಂಡದ್ದು 2006ರಲ್ಲಿ, ಒಂದೇ ತಿಂಗಳ ಆಚೀಚೆ.

ಆಸ್ಪತ್ರೆಯ ಹಾಸಿಗೆಯವರೆಗೆ ಹುಡುಕಿಕೊಂಡು ಹೋದ ಕೈಯೂ, ಮೂವತ್ತು ವರ್ಷ ಲೆಕ್ಕ ತೋರಿಸದ ಕೈಯೂ ಒಂದೇ. ನಿನ್ನ "ಬರೀ" ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅಲ್ಲಿ. ಮಿಲಿಂಡರ್ ಬೀದಿಗೆ ಬಿಟ್ಟವಳನ್ನು ಕಾಲು ಮುರಿದುಕೊಂಡು ಮಲಗಿದ್ದಾಗ ನಂಬಿದ್ದೂ ನಿಜ. ಹಾಗಂತ ಬಸ್ಸಿನ ಸ್ಟಿಯರಿಂಗ್ ಹಿಡಿದ ವರ್ಷಗಳನ್ನು ಆ ನಂಬಿಕೆಗೆ ವಜಾ ಹಾಕಲು ನನ್ನಿಂದಾಗದು. ಜಮಾ ಜಮಾದ ಕಡೆ, ಖರ್ಚು ಖರ್ಚಿನ ಕಡೆ. ಎರಡನ್ನೂ ಹಾಗೇ ಬಿಟ್ಟಿದ್ದೇನೆ.

ನಿನ್ನ ಹುಡುಗನ ಪೆಟ್ಟಿಗೆಯಲ್ಲಿ ಆ 1953ರ ಹಾಡು ಇದ್ದೇ ಇರುತ್ತದೆ, 'ಮಾಮಾ, ಹಿ ಟ್ರೀಟ್ಸ್ ಯುವರ್ ಡಾಟರ್ ಮೀನ್'. ಸಾಲಿನ ತುದಿಯಲ್ಲಿ ಅವಳ ದನಿ ಸಣ್ಣಗೆ ಕೀರಲುಗುಟ್ಟುತ್ತದೆ. ಮೊದಲ ಸಲ ನಾನು ಮುಳ್ಳು ಸವೆದಿದೆ ಅಂದುಕೊಂಡು ಎದ್ದು ಹೋಗಿ ನೋಡಿದ್ದೆ. ಕೇಳಿ ಕಾಗದ ಬರಿ. ಫೋನ್ ಮಾಡಬೇಡ, ದೀಪಾವಳಿಯವರೆಗೆ ಟವರ್ ಹೀಗೇ.

ನಿನ್ನವ

(ಮುಂದಿನ ಸಲ ಬರುವಾಗ ಅಟ್ಟದ ಆ ಪ್ಲೇಟುಗಳಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ತಾ. ಬಸ್ಸಿನಲ್ಲಿ ಸೀಟಿನ ಕೆಳಗೆ ಇಡಬೇಡ, ತೊಡೆಯ ಮೇಲೆ ಇಟ್ಟುಕೋ.)