ಜಾರಿಸಿ ಅಂದವರು ನೀವು, ವಾರಂಟಿ ಇಲ್ಲ ಅನ್ನುವವರೂ ನೀವೇ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮದೇ ಕೆಸರು ಟ್ರ್ಯಾಕಿನಲ್ಲಿ ಹಾಳಾದ ಆಲ್ ವೀಲ್ ಡ್ರೈವ್ ಕಪ್ಲಿಂಗ್‌ಗೆ ವಾರಂಟಿ ಕೊಡದಿರುವ ಬಗ್ಗೆ

ಮಾನ್ಯರೆ,

ನನ್ನ ಎಸ್‌ಯುವಿ ಈಗ ಬೆಂಗಳೂರಿನ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ನಿಂತಿದೆ. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಕಳಿಸುವ ಕಪ್ಲಿಂಗ್ ಹೋಗಿದೆ. ವಾರಂಟಿ ಇನ್ನೂ ಮುಗಿದಿಲ್ಲ. ಆದರೂ ಜಾಬ್ ಕಾರ್ಡಿನ ಮೇಲೆ ‘ಗ್ರಾಹಕರ ದುರ್ಬಳಕೆ’ ಅಂತ ಬರೆದು, ಪೂರ್ತಿ ಖರ್ಚಿನ ಎಸ್ಟಿಮೇಟ್ ನನ್ನ ಕೈಗಿಟ್ಟಿದ್ದಾರೆ. ಸಾಕ್ಷಿ ಏನು ಅಂತ ಕೇಳಿದರೆ ಸರ್ವಿಸ್ ಅಡ್ವೈಸರ್ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಚಕ್ರದ ಗೂಡಿನೊಳಗೆ ಒಣಗಿ ಅಂಟಿಕೊಂಡಿರುವ ಕೆಂಪು ಮಣ್ಣು. ಸ್ವಾಮಿ, ಅದು ನಿಮ್ಮದೇ ಟ್ರ್ಯಾಕಿನ ಮಣ್ಣು!

ಈ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಒಂದು ಖಾಸಗಿ ಎಸ್ಟೇಟಿನಲ್ಲಿ ನಿಮ್ಮ ಡೀಲರ್, ಗಾಡಿ ಮಾಲೀಕರಿಗಾಗಿ ಆಫ್‌ರೋಡ್ ಡ್ರೈವ್ ನಡೆಸಿದರು. ನಾನು ದುಡ್ಡು ಕಟ್ಟಿ ಹೋದವನು. ಕೆಸರಿನಲ್ಲಿ ಗಾಡಿ ಜಾರಿಸೋದು ಹೇಗೆ ಅಂತ ಕಲಿಸುತ್ತೇವೆ ಎಂದು ಆಹ್ವಾನದಲ್ಲೇ ಇತ್ತು. ನಿಮ್ಮ ಜಾಹೀರಾತಿನಲ್ಲೂ ಇದೇ ಗಾಡಿ ಗುಂಡಗೆ ಸುತ್ತುತ್ತಾ ಆಳೆತ್ತರ ಕೆಸರು ಎರಚುತ್ತದೆ. ಅದನ್ನು ನೋಡಿಯೇ ನಾನು ಆಲ್ ವೀಲ್ ಡ್ರೈವ್ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದು.

ಆ ದಿನ ಕಲಿತದ್ದು ನಿಜಕ್ಕೂ ಚೆನ್ನಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹಗುರ ಕಾರು ಹ್ಯಾಂಡ್‌ಬ್ರೇಕ್ ಎಳೆದರೆ ಚಕ್ಕನೆ ತಿರುಗುತ್ತದೆ. ಎರಡು ಟನ್‌ಗೆ ಹತ್ತಿರವಿರುವ ಗಾಡಿ ಹಾಗಲ್ಲ. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತಿರುತ್ತದೆ. ಆಕ್ಸಿಲರೇಟರ್ ಒಂದು ಕ್ಷಣ ಬಿಟ್ಟರೆ ಭಾರ ಮುಂದಕ್ಕೆ ಬರುತ್ತದೆ, ಹಿಂಬದಿ ಹಗುರಾಗಿ ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ. ಆಗ ಸ್ಟೀರಿಂಗ್ ಉಲ್ಟಾ ಕೊಟ್ಟು ಮತ್ತೆ ಆಕ್ಸಿಲರೇಟರ್ ಒತ್ತಬೇಕು. ನಾಲ್ಕೂ ಟೈರ್ ಒಟ್ಟಿಗೆ ಮಣ್ಣು ಕೆರೆಯುತ್ತವೆ, ಅಷ್ಟು ದೊಡ್ಡ ಗಾಡಿ ಅಡ್ಡಡ್ಡವಾಗಿ ತೇಲುತ್ತದೆ. ಭಾರದ ಗಾಡಿ ಒಮ್ಮೆ ಜಾರಲು ಶುರುವಾದರೆ ಬೇಗ ನಿಲ್ಲುವುದಿಲ್ಲ ಅನ್ನೋದು ಆಗಲೇ ಮೈಗೆ ಗೊತ್ತಾಗೋದು. ಘಾಟಿಯಲ್ಲಿ ಮಳೆಗೆ ಹಿಂಬದಿ ಜಾರಿದಾಗ ಗಾಬರಿಯಾಗದೆ ಇರಲು ಈ ಅಭ್ಯಾಸ ಬೇಕೇ ಬೇಕು. ಇದನ್ನೇ ಊರಿನ ರಸ್ತೆಯಲ್ಲಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ. ಮೊದಲ ಸಲ ಸಿಕ್ಕಿಬಿದ್ದರೇ 5,000 ರೂಪಾಯಿವರೆಗೆ ದಂಡ ಇದೆ, ಜೈಲೂ ಆಗಬಹುದು. ಅದಕ್ಕೇ ಬೇಲಿ ಹಾಕಿದ ಜಾಗಕ್ಕೆ, ನಿಮ್ಮನ್ನು ನಂಬಿ ಬಂದದ್ದು.

ಈಗ ನಡೆದದ್ದು ಕೇಳಿ. ಶುರುವಿನಲ್ಲಿ ನಿಮ್ಮ ಇನ್‌ಸ್ಟ್ರಕ್ಟರ್ ನನ್ನ ಪಕ್ಕ ಕೂತು, ತಾವೇ ಕೈ ಚಾಚಿ, ಗಾಡಿ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರು. ಒಂದೇ ಕಡೆಗೆ ಸುತ್ತು ಹೊಡೆಸಿದರು. ನಡುವೆ ಬಿಡುವು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ ಆಲ್ ವೀಲ್ ಡ್ರೈವ್ ಬಿಸಿಯಾಗಿದೆ ಅನ್ನುವ ಎಚ್ಚರಿಕೆ ಬಂತು. ಹಿಂದಿನ ಚಕ್ರಗಳು ಸುಮ್ಮನಾದವು. ಒಳಗೆಲ್ಲ ಸುಟ್ಟ ವಾಸನೆ. ನಾನು ಗಾಡಿ ನಿಲ್ಲಿಸಿದೆ. ಅವರು ಹೇಳಿದ್ದು ಇಷ್ಟು: ‘ಏನೂ ಆಗಲ್ಲ ಸಾರ್, ಲೈಟ್ ಹೋಗುತ್ತೆ, ಮತ್ತೆ ಹೊಡೀರಿ.’ ಲೈಟ್ ಹೋಯಿತು. ಮತ್ತೆ ಹೊಡೆಸಿದರು.

ಈ ಗಾಡಿಯ ಕಪ್ಲಿಂಗ್ ಒಳಗೆ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳಿವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದರೆ ಪ್ಲೇಟುಗಳು ಒಂದಕ್ಕೊಂದು ಉಜ್ಜುತ್ತವೆ, ಬಿಸಿಯಾಗುತ್ತವೆ. ಒಂದೇ ಕಡೆ ಸುತ್ತುತ್ತಿದ್ದರೆ ಆ ವ್ಯತ್ಯಾಸ ನಿಲ್ಲುವುದೇ ಇಲ್ಲ. ಅದಕ್ಕೇ ಕಂಪ್ಯೂಟರ್ ಹಿಂದಿನ ಚಕ್ರಗಳನ್ನು ಬಿಡಿಸಿ ಪ್ಲೇಟುಗಳನ್ನು ಕಾಪಾಡುತ್ತದೆ. ಆ ಎಚ್ಚರಿಕೆ ಇರೋದೇ ತಣ್ಣಗಾಗಲು ಬಿಡಲಿ ಅಂತ. ಇದು ನನಗೇ ಗೊತ್ತಿರುವಾಗ, ಕಂಪನಿಯ ಅಂಗಿ ಹಾಕಿಕೊಂಡು ಕಲಿಸಲು ಬಂದವರಿಗೆ ಗೊತ್ತಿರಬೇಕಲ್ವಾ?

ಮನೆಗೆ ಬಂದ ಮೇಲೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಬಂದರೆ ಹಿಂದಿನಿಂದ ಕಟಕಟ ಸದ್ದು, ಸೀಟಿನವರೆಗೂ ನಡುಕ. ನಿಮ್ಮ ಮೆಕ್ಯಾನಿಕ್ ಕಪ್ಲಿಂಗಿನ ಎಣ್ಣೆ ಇಳಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಡಿಕಾಕ್ಷನ್ ಥರ ಕಪ್ಪಗಿತ್ತು. ಬಟ್ಟೆಗೆ ಒರೆಸಿ ನೋಡಿದರೆ ಮಿರಮಿರ ಹೊಳೆಯುವ ಲೋಹದ ಪುಡಿ. ಅವರು ಮಾತಾಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಾತು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ.

ನನಗೆ ಬೇಕಾಗಿರುವುದು ಹೊಸ ಕಪ್ಲಿಂಗ್, ಲೇಬರ್ ಚಾರ್ಜ್ ಸೇರಿ ಎಲ್ಲವೂ ವಾರಂಟಿಯಲ್ಲಿ. ಕೊಡುವುದಿಲ್ಲ ಅಂದರೆ ಯಾವ ಷರತ್ತಿನ ಪ್ರಕಾರ ಅಂತ ಬರೆದು, ಸಹಿ ಹಾಕಿ ಕೊಡಿ. ಫೋನಿನಲ್ಲಿ ‘ಪಾಲಿಸಿ ಸಾರ್’ ಅಂದರೆ ಒಪ್ಪುವುದಿಲ್ಲ. ಗಾಡಿಯ ಕಂಪ್ಯೂಟರ್ ಆಗಿರುವ ಕಂಟ್ರೋಲ್ ಯೂನಿಟ್‌ನಲ್ಲಿ ದಾಖಲಾಗಿರುವ ಎಚ್ಚರಿಕೆಗಳ ಪ್ರತಿ ಕೊಡಿ. ಅವು ನಿಮ್ಮ ಕಾರ್ಯಕ್ರಮದ ದಿನದವೇ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ. ಜೊತೆಗೆ, ಮುಂದಿನ ಡ್ರೈವ್ ನಡೆಸುವ ಮೊದಲು ಎಷ್ಟು ಹೊತ್ತಿಗೊಮ್ಮೆ ಗಾಡಿ ತಣ್ಣಗಾಗಲು ಬಿಡಬೇಕು ಅಂತ ನಿಯಮ ಮಾಡಿ, ಬಂದವರಿಗೆಲ್ಲ ತಿಳಿಸಿ. ಆ ದಿನ ನನ್ನ ಹಿಂದೆ ಸಾಲಿನಲ್ಲಿ ಇನ್ನೂ ಗಾಡಿಗಳಿದ್ದವು. ಅವರಿಗೂ ಇದೇ ಆಗಬಾರದು.

ಈ ಪತ್ರ ತಲುಪಿದ 15 ದಿನದಲ್ಲಿ ಉತ್ತರ ಬರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರು ಕೊಡಲು ಎರಡು ವರ್ಷ ಸಮಯವಿದೆ. ಹಣ ಕಟ್ಟಿದ ರಸೀದಿ, ಆಹ್ವಾನ, ನಿಮ್ಮ ಡೀಲರೇ ಕಳಿಸಿದ ವಿಡಿಯೋ ಮೂರನ್ನೂ ಇದರ ಜೊತೆ ಇಟ್ಟಿದ್ದೇನೆ. ಆ ವಿಡಿಯೋದಲ್ಲಿ ನನ್ನ ಗಾಡಿ ಜಾರುತ್ತಿದೆ, ಪಕ್ಕದ ಸೀಟಿನಲ್ಲಿ ನಿಮ್ಮವರು ಕೈ ಬೀಸುತ್ತಿದ್ದಾರೆ.

ಎಸ್ಟಿಮೇಟ್‌ಗೆ ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಕಪ್ಲಿಂಗ್ ಬಿಚ್ಚಿದರೆ ನನ್ನ ಎದುರಿಗೇ ಬಿಚ್ಚಬೇಕು. ಹಳೇ ಪ್ಲೇಟುಗಳನ್ನು, ಇಳಿಸಿದ ಎಣ್ಣೆಯನ್ನು ಬಿಸಾಡಬೇಡಿ. ಅವು ನನಗೆ ಬೇಕು.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು